ಅತ್ತರೂ ಬದಲಾಗದ ಎದೆಬಡಿತ: ಬದಿಯಡ್ಕ ಕಡೆಯ ಒಂದು ಮಗುವಿನ ಪ್ರಕರಣ

ಆಟಿ ತಿಂಗಳ ಮಳೆ. ಬೆಳಿಗ್ಗೆ ಎಂಟೂಮುಕ್ಕಾಲು. ರಾತ್ರಿ ಡ್ಯೂಟಿ ಮುಗಿಸಿ ನಾನು ಕೊಡೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಒಂದು ಆಟೋ ಬಾಗಿಲ ತನಕ ಬಂದು ನಿಂತಿತು. ಅಜ್ಜಿ ಮೊದಲು ಇಳಿದರು. ಅವರ ಹಿಂದೆ ತಾಯಿ. ತಾಯಿಯ ಎದೆಯಲ್ಲಿ ಬೈರಾಸು ಸುತ್ತಿದ ಮೂರೂವರೆ ತಿಂಗಳ ಗಂಡು ಮಗು. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವಿನ ಮನೆಯವರು.

"ಡಾಕ್ಟ್ರೇ, ಮಾಣಿ ನಿನ್ನೆಂದ ಹಾಲು ಸರಿ ಕುಡಿತ್ತಾ ಇಲ್ಲೆ" ಅಂದರು ಅಜ್ಜಿ.

ಮನೆಯವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಮಕ್ಕಳ ಹೃದಯ ತಪ್ಪಾದ ವೇಗದಲ್ಲಿ ಓಡುವುದನ್ನು ನಾವು ಎಷ್ಟು ಸುಲಭವಾಗಿ ಬೇರೆ ಏನೋ ಅಂದುಕೊಳ್ಳುತ್ತೇವೆ ಅನ್ನುವುದು ಆ ದಿನ ನನಗೆ ಕಣ್ಣಾರೆ ಕಂಡಿತು. ನಮ್ಮಂಥ ಸಣ್ಣ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಡಾಕ್ಟರು, ನರ್ಸುಗಳಿಗೂ, ಸಣ್ಣ ಮಕ್ಕಳಿರುವ ಮನೆಯವರಿಗೂ ಇದು ಗೊತ್ತಿರಬೇಕು.

ತಾಯಿ ಹೇಳಿದ್ದು ಹೀಗೆ. ಹಿಂದಿನ ರಾತ್ರಿಗೂ ಹಿಂದಿನ ರಾತ್ರಿಯಿಂದ ಮಗು ಕಿರಿಕಿರಿ ಮಾಡುತ್ತಿದೆ. ಹಾಲಿಗೆ ಬಾಯಿ ಹಾಕುತ್ತದೆ, ನಾಲ್ಕು ಸಲ ಚೀಪುತ್ತದೆ, ಬಿಟ್ಟು ಏದುಸಿರು ಬಿಡುತ್ತದೆ. ಮತ್ತೆ ಹಿಡಿಯುತ್ತದೆ, ಮತ್ತೆ ಬಿಡುತ್ತದೆ. ಹೊರಗೆ ಮಳೆಯ ಚಳಿ ಇದ್ದರೂ ಹಾಲು ಕುಡಿಯುವಾಗ ಹಣೆ ತುಂಬ ಬೆವರು. ಎರಡು ಸಲ ವಾಂತಿ. ಜ್ವರ ಇಲ್ಲ. ಕೆಮ್ಮು ಇಲ್ಲ, ಮೂಗು ಸ್ವಲ್ಪ ಕಟ್ಟಿದೆ ಅಷ್ಟೆ. ಹೊಟ್ಟೆನೋವು ಇರಬೇಕು ಅಂತ ಮೊದಲ ದಿನ ಓಮದ ನೀರು ಕೊಟ್ಟರು. ಅಜ್ಜಿ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿ ದೃಷ್ಟಿ ತೆಗೆದರು. ಎರಡನೇ ಸಂಜೆ ಹತ್ತಿರದ ಒಂದು ಕ್ಲಿನಿಕ್‌ಗೆ ಹೋದರು. ಮಗು ವೇಗವಾಗಿ ಉಸಿರಾಡುತ್ತಿತ್ತು. ಕಫ ಕಟ್ಟಿದೆ ಅಂತ ಆವಿ ಕೊಟ್ಟರು. ಎದೆಬಡಿತ ಜೋರಾಗಿದೆಯಲ್ಲ ಅಂತ ತಾಯಿ ಕೇಳಿದ್ದಕ್ಕೆ, ಆವಿಯ ಔಷಧಿಗೆ ಹಾಗಾಗುತ್ತದೆ ಅನ್ನುವ ಉತ್ತರ ಸಿಕ್ಕಿತು.

ಆ ಉತ್ತರ ಸುಳ್ಳಲ್ಲ. ನೆಬ್ಯುಲೈಸರ್‌ಗೆ ಹಾಕುವ ಸಾಲ್ಬುಟಮಾಲ್ ಹೃದಯದ ವೇಗ ಏರಿಸುತ್ತದೆ. ಆದರೆ ಈ ಮಗುವಿಗೆ ಆವಿ ಕೊಡುವ ಮೊದಲೇ ಎದೆ ಹೊಡೆದುಕೊಳ್ಳುತ್ತಿತ್ತು. ಅದನ್ನು ತಾಯಿ ಗಮನಿಸಿದ್ದರು. ಅವರು ಮನೆಯಲ್ಲೇ ಹೊಲಿಗೆ ಮಾಡುವವರು. "ಎದೆಗೆ ಆನಿಸಿ ಮಲಗಿಸಿದರೆ, ಮಿಷಿನ್ನಿಗೆ ಮೋಟಾರ್ ಹಾಕಿದ ಹಾಗೆ ಆಗ್ತದೆ ಡಾಕ್ಟ್ರೇ. ನಿದ್ದೆ ಮಾಡುವಾಗಲೂ ಹಾಗೇ ಉಂಟು" ಅಂದರು.

ರೋಗ ಯಾವುದು ಅನ್ನುವುದು ಆ ಕೊನೆಯ ಮಾತಿನಲ್ಲೇ ಇತ್ತು. ನನಗೆ ಅದು ತಕ್ಷಣ ತಾಗಲಿಲ್ಲ.

ಯಾಕೆ ತಾಗಲಿಲ್ಲ ಅಂತ ಹೇಳಬೇಕು. ಮಗುವನ್ನು ಮೇಜಿನ ಮೇಲೆ ಮಲಗಿಸಿದಾಗ ಕಂಡದ್ದು ಇಷ್ಟು: ಮುಖ ಬಿಳಿಚಿದೆ, ತುಟಿಯ ಸುತ್ತ ಬೂದಿ ಬಣ್ಣ, ಪಾದ ತಣ್ಣಗಿದೆ, ಉಸಿರು ನಿಮಿಷಕ್ಕೆ 64. ಎದೆಯ ಚರ್ಮ ಒತ್ತಿ ಬಿಟ್ಟರೆ ಕೆಂಪು ಬಣ್ಣ ಮರಳಲು ಮೂರು ಸೆಕೆಂಡಿಗೂ ಜಾಸ್ತಿ ಬೇಕಾಯಿತು. ನಮ್ಮ ಕಡೆ ಮಳೆಗಾಲದಲ್ಲಿ ಹೀಗೆ ಬರುವ ಮಗುವನ್ನು ಕಂಡರೆ ತಲೆಗೆ ಮೊದಲು ಬರುವುದು ರಕ್ತದ ಸೋಂಕು, ಇಲ್ಲವೇ ನ್ಯುಮೋನಿಯಾ. ಸಿಸ್ಟರ್ ಮಗುವಿನ ಕಾಲ್ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರ್ 132 ತೋರಿಸುತ್ತಿತ್ತು. ಆಕ್ಸಿಜನ್ 95. ಮೂರೂವರೆ ತಿಂಗಳ ಮಗುವಿಗೆ 132 ಅಂದರೆ ಏನೂ ಜಾಸ್ತಿ ಅಲ್ಲ. ಎಚ್ಚರ ಇರುವಾಗ 100ರಿಂದ 180ರವರೆಗೂ ಇರಬಹುದು. ನಾನು ಆ ಸಂಖ್ಯೆಯನ್ನು ನಂಬಿದೆ. "ಡ್ರಿಪ್ ಹಾಕಿ, ಸಲೈನ್ ಓಡಿಸುವ" ಅಂತ ಸಿಸ್ಟರಿಗೆ ಹೇಳಿಯೂ ಬಿಟ್ಟೆ.

ಆಮೇಲೆ ಹೊಟ್ಟೆ ಮುಟ್ಟಿದೆ. ಪಿತ್ತಜನಕಾಂಗ (ಲಿವರ್) ಪಕ್ಕೆಲುಬಿನಿಂದ ನಾಲ್ಕು ಸೆಂಟಿಮೀಟರ್ ಕೆಳಗೆ ಸಿಕ್ಕಿತು. ಈ ವಯಸ್ಸಿನಲ್ಲಿ ಒಂದೆರಡು ಸೆಂಟಿಮೀಟರ್ ಸಿಗುವುದು ಸಾಮಾನ್ಯ. ನಾಲ್ಕು ಅಲ್ಲ. ವಾಂತಿ ಮಾಡಿ ನೀರು ಕಳಕೊಂಡ ಮಗುವಿಗೆ ಪಿತ್ತಜನಕಾಂಗ ಹೀಗೆ ಊದುವುದಿಲ್ಲ. ಹೃದಯ ರಕ್ತವನ್ನು ಮುಂದಕ್ಕೆ ತಳ್ಳಲಾಗದೆ ಹಿಂದೆ ತುಂಬಿಕೊಂಡಾಗ ಊದುತ್ತದೆ. ಸಲೈನ್ ನಿಲ್ಲಿಸಿ ಅಂದೆ. ಸೋತ ಹೃದಯಕ್ಕೆ ಗಡಿಬಿಡಿಯಲ್ಲಿ ನೀರು ತುಂಬಿದ್ದರೆ ಅದು ಇನ್ನಷ್ಟು ಸೋಲುತ್ತಿತ್ತು. ಒಂದು ಹನಿ ಒಳಗೆ ಹೋಗುವ ಮೊದಲೇ ನಿಂತಿತು ಅನ್ನುವುದು ಆ ಮಗುವಿನ ಅದೃಷ್ಟ. ನನ್ನ ಅದೃಷ್ಟ ಕೂಡ.

ಸ್ಟೆತಸ್ಕೋಪ್ ಇಟ್ಟೆ. ಎಣಿಸಲು ಆಗಲಿಲ್ಲ. ಲಬ್ ಯಾವುದು ಡಬ್ ಯಾವುದು ಗೊತ್ತಾಗದ ಹಾಗೆ ಒಂದೇ ಸಮನೆ ಟಕಟಕ. ಬೆರಳಲ್ಲಿ ಮೇಜಿನ ಮೇಲೆ ತಾಳ ಹಾಕಿ ಹಿಂಬಾಲಿಸಲು ನೋಡಿದೆ, ಬೆರಳು ಸೋತಿತು. 132 ಆಗಿದ್ದರೆ ಆರಾಮಾಗಿ ಎಣಿಸಬಹುದಿತ್ತು. ಆ ಆಕ್ಸಿಮೀಟರ್ ದೊಡ್ಡವರ ಬೆರಳಿಗೆ ಮಾಡಿದ್ದು. ತಣ್ಣಗಿನ ಸಣ್ಣ ಬೆರಳಲ್ಲಿ ಅದು ಎರಡು ಬಡಿತಕ್ಕೆ ಒಂದನ್ನಷ್ಟೇ ಹಿಡಿಯುತ್ತಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಗುವಿನ ಎದೆಗೆ ಕಿವಿ ಕೊಡುವ ಮೊದಲು ಯಂತ್ರದ ಸಂಖ್ಯೆ ಓದಬೇಡಿ. ಕೇಳಿದ್ದು ಎಣಿಕೆಗೆ ಸಿಗದಿದ್ದರೆ ಆ ಸಿಗದಿರುವುದೇ ದೊಡ್ಡ ಸುಳಿವು. ಅಲ್ಲಿಂದ ನೇರ ಇಸಿಜಿಗೆ ಹೋಗಬೇಕು.

ಆರು ಸಣ್ಣ ಚೌಕ

ಇಸಿಜಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಅಂದರೆ ನಿಮಿಷಕ್ಕೆ 1500 ಸಣ್ಣ ಚೌಕ. ಎರಡು ಬಡಿತಗಳ ನಡುವೆ ಎಷ್ಟು ಸಣ್ಣ ಚೌಕ ಇದೆ ಅಂತ ನೋಡಿ 1500ನ್ನು ಅದರಿಂದ ಭಾಗಿಸಿದರೆ ನಿಮಿಷದ ವೇಗ ಸಿಗುತ್ತದೆ. ಹತ್ತು ಚೌಕ ಇದ್ದರೆ 150. ಈ ಮಗುವಿನ ಕಾಗದದಲ್ಲಿ ಎರಡು ಮೊನೆಗಳ ನಡುವೆ ಆರು ಚೌಕಕ್ಕೂ ತುಸು ಕಡಿಮೆ. ಮಾನಿಟರ್ 263 ಅಂದಿತು.

ಮೊನೆಗಳು ಸಪೂರ ಇದ್ದವು, ಎರಡು ಸಣ್ಣ ಚೌಕದೊಳಗೆ. ಅವುಗಳ ಮುಂದೆ ಇರಬೇಕಾದ ಸಣ್ಣ ಗುಡ್ಡ, ಪಿ ಅಲೆ, ಎಲ್ಲೂ ಇಲ್ಲ. ಚೌಕ ಎಣಿಸುತ್ತಾ ಹೋದೆ. ಮೊದಲ ಬಡಿತದಿಂದ ಕೊನೆಯ ಬಡಿತದ ತನಕ ಅಂತರ ಒಂದೇ. ಹಲ್ಲು ಸಮ ಇರುವ ಬಾಚಣಿಗೆಯ ಹಾಗೆ.

ವೇಗ ಎಷ್ಟು ಅನ್ನುವುದಕ್ಕಿಂತ, ಅದು ಬದಲಾಗುತ್ತದಾ ಅನ್ನುವುದನ್ನು ನೋಡಬೇಕು. ಜ್ವರ, ನೋವು, ಹೆದರಿಕೆ, ನೀರು ಕಡಿಮೆಯಾಗುವುದು, ಆವಿಯ ಔಷಧಿ, ಇವೆಲ್ಲ ಹೃದಯದ ವೇಗ ಏರಿಸುತ್ತವೆ. ಆದರೆ ಆ ಏರಿಕೆಗೆ ಜೀವ ಇರುತ್ತದೆ. ಅತ್ತರೆ 190, ಎತ್ತಿಕೊಂಡರೆ 170, ನಿದ್ದೆ ಹತ್ತಿದರೆ 150. ಹಸುಳೆಗಳಲ್ಲಿ ಸಾಮಾನ್ಯವಾಗಿ 220 ದಾಟುವುದಿಲ್ಲ. ಒಂದು ವರ್ಷ ದಾಟಿದ ಮಕ್ಕಳಲ್ಲಿ 180 ದಾಟುವುದಿಲ್ಲ. ನಮ್ಮ ಮುಂದೆ ಇದ್ದ ಮಗುವಿಗೆ ಸಿಸ್ಟರ್ ಮೊಣಕೈಗೆ ಸೂಜಿ ಚುಚ್ಚಿದರು. ಮಗು ಬಾಯಿ ತೆರೆದು ಕೂಗಿತು. ನಾನು ಮಾನಿಟರನ್ನೇ ನೋಡುತ್ತಿದ್ದೆ. 263. ತಾಯಿ ಎದೆಗೊತ್ತಿ ಸಮಾಧಾನ ಮಾಡಿದರು. 262. ಮಗು ಸುಸ್ತಾಗಿ ಕಣ್ಣು ಮುಚ್ಚಿತು. 263.

ತಾಯಿ ಮೊದಲೇ ಹೇಳಿದ್ದು ಇದನ್ನೇ ಅಲ್ವಾ? ನಿದ್ದೆ ಮಾಡುವಾಗಲೂ ಹಾಗೇ ಉಂಟು.

ಇದು ಸುಪ್ರಾವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ. ಎಲ್ಲರೂ ಎಸ್‌ವಿಟಿ ಅನ್ನುತ್ತಾರೆ. ಮಕ್ಕಳಲ್ಲಿ ಚಿಕಿತ್ಸೆ ಬೇಕಾಗುವ ಲಯದ ತೊಂದರೆಗಳಲ್ಲಿ ಇದೇ ಹೆಚ್ಚು ಕಾಣುವುದು.

ಅಜ್ಜಿಗೆ ನಾನು ವಿವರಿಸಿದ ರೀತಿಯಲ್ಲೇ ಹೇಳುತ್ತೇನೆ. ಹೃದಯದ ಮೇಲಿನ ಮನೆಯಿಂದ ಕೆಳಗಿನ ಮನೆಗೆ ವಿದ್ಯುತ್ ಇಳಿಯಲು ಒಂದೇ ದಾರಿ. ಅದರ ನಡುವೆ ಒಂದು ಗೇಟು. ಗೇಟು ಪ್ರತಿ ಸಲ ಚೂರು ತಡೆದು ಬಿಡುತ್ತದೆ, ಆ ತಡೆಯಿಂದಲೇ ಹೃದಯಕ್ಕೆ ರಕ್ತ ತುಂಬಿಕೊಳ್ಳಲು ಸಮಯ ಸಿಗುತ್ತದೆ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಬದಿಯಲ್ಲಿ ಇನ್ನೊಂದು ಕಾಲುದಾರಿ ಉಳಿದಿರುತ್ತದೆ. ಒಂದು ದಿನ ಮುಖ್ಯ ದಾರಿಯಲ್ಲಿ ಇಳಿದ ವಿದ್ಯುತ್ತು ಆ ಕಾಲುದಾರಿಯಲ್ಲಿ ಮೇಲೆ ಹತ್ತಿ, ಮತ್ತೆ ಗೇಟಿಗೆ ಬಂದು, ಮತ್ತೆ ಇಳಿಯುತ್ತದೆ. ತೋಟಕ್ಕೆ ಸುತ್ತು ಹಾಕುವ ದನದ ಹಾಗೆ ಅಲ್ಲೇ ಗಿರಕಿ. ಮೇಲಿನ ಮನೆಯ ಯಜಮಾನನ ಮಾತು ಯಾರೂ ಕೇಳುವುದಿಲ್ಲ. ಅದಕ್ಕೇ ಮಗು ಅತ್ತರೂ ಮಲಗಿದರೂ ವೇಗ ಒಂದೇ.

"ಹಾಂಗಾರೆ ಗೇಟು ಹಾಕಿರೆ ಆತಲ್ಲದಾ?" ಅಂದರು ಅಜ್ಜಿ. ಹಾಗಾದರೆ ಗೇಟು ಹಾಕಿದರೆ ಆಯಿತಲ್ಲವಾ. ಚಿಕಿತ್ಸೆ ಪೂರ್ತಿ ಅಷ್ಟೇ. ಕ್ಷಣ ಹೊತ್ತು ಗೇಟು ಮುಚ್ಚಿದರೆ ಗಿರಕಿ ತುಂಡಾಗುತ್ತದೆ.

ಈ ವೇಗ ಕೆಲವು ಗಂಟೆ ಇದ್ದರೆ ಹಸುಳೆಯ ಹೃದಯ ಹೇಗೋ ತಡೆದುಕೊಳ್ಳುತ್ತದೆ. ಒಂದು ದಿನ, ಎರಡು ದಿನ ಮುಂದುವರಿದರೆ ಸೋಲಲು ಶುರುವಾಗುತ್ತದೆ. ಹಾಲು ಚೀಪುವುದು ಹಸುಳೆಗೆ ದೊಡ್ಡ ಶ್ರಮದ ಕೆಲಸ. ದೊಡ್ಡವರಿಗೆ ಗುಡ್ಡ ಹತ್ತಿದ ಹಾಗೆ. ಅದಕ್ಕೇ ಸೋಲು ಮೊದಲು ಕಾಣುವುದು ಹಾಲು ಕುಡಿಯುವಾಗ: ಏದುಸಿರು, ಬೆವರು, ಅರ್ಧಕ್ಕೆ ಬಿಡುವುದು. "ನನಗೆ ಎದೆ ಡವಡವ ಅಂತಿದೆ" ಅಂತ ಮಗು ಹೇಳುವುದಿಲ್ಲವಲ್ಲ.

ಮಂಜುಗಡ್ಡೆ, ಆಮೇಲೆ ಔಷಧಿ

ಮೊದಲ ಪ್ರಶ್ನೆ: ಶಾಕ್ ಕೊಡಬೇಕಾ? ಮಗು ಕಣ್ಣು ಬಿಡದಿದ್ದರೆ, ರಕ್ತದೊತ್ತಡ ಬಿದ್ದಿದ್ದರೆ, ಔಷಧಿಗೆ ಕಾಯದೆ ಅಳತೆಯ ಶಾಕ್ ಕೊಡಬೇಕು. ಕಿಲೋಗೆ ಅರ್ಧದಿಂದ ಒಂದು ಜೂಲ್, ಸಾಲದಿದ್ದರೆ ಎರಡು. ಶಾಕನ್ನು ಬಡಿತದ ಜೊತೆ ಹೊಂದಿಸುವ ಸಿಂಕ್ ಗುಂಡಿ ಒತ್ತಿಯೇ ಕೊಡಬೇಕು. ನಮ್ಮ ಮಗು 5.4 ಕಿಲೋ. ಸುಸ್ತಾಗಿತ್ತು, ಆದರೆ ತಾಯಿಯನ್ನು ಗುರುತಿಸುತ್ತಿತ್ತು, ಬೆರಳು ಹಿಡಿಯುತ್ತಿತ್ತು. ಮೇಲಿನ ಒತ್ತಡ 74. ಶಾಕ್ ಯಂತ್ರವನ್ನು 5 ಜೂಲ್‌ಗೆ ಇಟ್ಟು, ಹಸುಳೆಗಳ ಪ್ಯಾಡ್ ತೆಗೆದಿಟ್ಟು, ಹತ್ತಿರ ನಿಲ್ಲಿಸಿದೆವು. ಅದು ಬೇಕಾಗಲಿಲ್ಲ.

ರಕ್ತನಾಳ ಸಿಗುವಷ್ಟರಲ್ಲಿ ಮಂಜುಗಡ್ಡೆ. ಎದುರಿನ ಜ್ಯೂಸ್ ಅಂಗಡಿಯಿಂದ ನಮ್ಮ ಅಟೆಂಡರ್ ಅಣ್ಣ ಮಳೆಯಲ್ಲಿ ಓಡಿ ತಂದರು. ಪ್ಲಾಸ್ಟಿಕ್ ಚೀಲದಲ್ಲಿ ಅರ್ಧ ಪುಡಿ ಮಂಜು, ಅರ್ಧ ನೀರು. ಅದನ್ನು ಹಣೆ, ಕಣ್ಣು, ಮೂಗಿನ ಬುಡದ ಮೇಲೆ ಇಡಬೇಕು. ಮೂಗಿನ ಹೊಳ್ಳೆ, ಬಾಯಿ ಮುಚ್ಚಬಾರದು. ಹತ್ತರಿಂದ ಹದಿನೈದು ಸೆಕೆಂಡ್, ಜಾಸ್ತಿ ಬೇಡ. ತಣ್ಣೀರಿಗೆ ಮುಖ ಮುಳುಗಿದರೆ ಹೃದಯದ ವೇಗ ತಗ್ಗುವ ಒಂದು ಗುಣ ಹುಟ್ಟಿನಿಂದಲೇ ಇರುತ್ತದೆ, ಅದನ್ನೇ ಎಬ್ಬಿಸುವುದು. ಕಣ್ಣುಗುಡ್ಡೆ ಒತ್ತುವ ಹಳೆಯ ಪದ್ಧತಿ ಇನ್ನೂ ಕೆಲವರ ನೆನಪಲ್ಲಿದೆ. ಅದನ್ನು ಮಾಡಲೇಬಾರದು, ಕಣ್ಣಿಗೆ ಏಟಾಗುತ್ತದೆ.

ಒಂದು ಸಲ ಇಟ್ಟೆವು. 263. ಮಗು ಚೀರಿತು, ಅಜ್ಜಿ ಮುಖ ತಿರುಗಿಸಿದರು. ಎರಡು ನಿಮಿಷ ಬಿಟ್ಟು ಇನ್ನೊಂದು ಸಲ. ಏನೂ ಆಗಲಿಲ್ಲ.

ಹಾಗಾಗಿ ಅಡೆನೊಸಿನ್. ಕ್ಷಣ ಹೊತ್ತು ಗೇಟು ಮುಚ್ಚುವ ಔಷಧಿ ಇದು. ರಕ್ತಕ್ಕೆ ಸೇರಿದ ಮೇಲೆ ಅದರ ಆಯುಷ್ಯ ಹತ್ತು ಸೆಕೆಂಡೂ ಇಲ್ಲ. ನಿಧಾನ ಕೊಟ್ಟರೆ ಹೃದಯ ಮುಟ್ಟುವ ಮೊದಲೇ ಮುಗಿದುಹೋಗುತ್ತದೆ. "ಅಡೆನೊಸಿನ್ ಕೊಟ್ಟೆವು, ಕೆಲಸ ಮಾಡಲಿಲ್ಲ" ಅನ್ನುವ ಮಾತು ಎಷ್ಟೋ ಸಲ ಕೇಳಿದ್ದೇನೆ. ಹೆಚ್ಚಿನ ಸಲ ತಪ್ಪು ಔಷಧಿಯದ್ದಲ್ಲ, ಕೊಟ್ಟ ರೀತಿಯದ್ದು. ಪಾದದ ನಾಳದಲ್ಲಿ ಕೊಟ್ಟಿರುತ್ತಾರೆ, ಅಥವಾ ಹಿಂದಿನಿಂದ ಸಲೈನ್ ತಳ್ಳಲು ತಡ ಮಾಡಿರುತ್ತಾರೆ.

ನಾವು ಮಾಡಿದ್ದನ್ನು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಹಸುಳೆಯ ಅಳತೆಯಲ್ಲೇ ಎಡವಟ್ಟಾಗುವುದು. ಆ ಔಷಧಿಯ ಸೀಸೆಯಲ್ಲಿ 2 ಎಂಎಲ್‌ಗೆ 6 ಮಿಲಿಗ್ರಾಂ. ಮೊದಲ ಪ್ರಮಾಣ ಕಿಲೋಗೆ 0.1 ಮಿಲಿಗ್ರಾಂ. 5.4 ಕಿಲೋಗೆ 0.54 ಮಿಲಿಗ್ರಾಂ. ಸೀಸೆಯಿಂದ ನೇರ ಎಳೆದರೆ 0.18 ಎಂಎಲ್, ಅಂದರೆ ಸಿರಿಂಜಿನ ತುದಿಯಲ್ಲೇ ಉಳಿದುಬಿಡುವಷ್ಟು. ಅದಕ್ಕೆ 1 ಎಂಎಲ್ ಔಷಧಿಗೆ 9 ಎಂಎಲ್ ಸಲೈನ್ ಸೇರಿಸಿದೆವು. ಈಗ ಪ್ರತಿ ಎಂಎಲ್‌ನಲ್ಲಿ 0.3 ಮಿಲಿಗ್ರಾಂ. ಬೇಕಾದದ್ದು 1.8 ಎಂಎಲ್. ಅಳೆಯಲು ಸುಲಭ. ಸಿಸ್ಟರ್ ಒಂದು ಸಲ ಲೆಕ್ಕ ಹಾಕಿದರು, ನಾನು ಬೇರೆ ಕಾಗದದಲ್ಲಿ ಇನ್ನೊಂದು ಸಲ. ಎರಡೂ ತಾಳೆಯಾದ ಮೇಲೆಯೇ ಸಿರಿಂಜಿಗೆ ತುಂಬಿದ್ದು.

ಬಲಗೈ ಮೊಣಕೈ ಮಡಿಕೆಯ ನಾಳ. ಅದಕ್ಕೆ ಮೂರು ದಾರಿಯ ತಿರುಪು. ಒಂದು ಬಾಯಿಗೆ ಔಷಧಿ, ಇನ್ನೊಂದು ಬಾಯಿಗೆ 5 ಎಂಎಲ್ ಸಲೈನ್. ಇಸಿಜಿ ಯಂತ್ರದ ಕಾಗದ ಓಡುತ್ತಲೇ ಇರಬೇಕು. ಇದನ್ನು ಮರೆಯಬೇಡಿ. ಔಷಧಿ ಗಿರಕಿಯನ್ನು ತುಂಡು ಮಾಡದೇ ಹೋದರೂ, ಆ ಕೆಲವು ಸೆಕೆಂಡಿನ ಕಾಗದ ರೋಗ ಯಾವುದು ಅಂತ ಹೇಳಿಬಿಡುತ್ತದೆ. ಗರಗಸದ ಹಲ್ಲಿನ ಅಲೆ ಕಂಡರೆ ಅದು ಬೇರೆ ಲಯ, ಏಟ್ರಿಯಲ್ ಫ್ಲಟರ್. ಕಾಗದ ಇಲ್ಲದಿದ್ದರೆ ಆ ಸಾಕ್ಷಿ ಮತ್ತೆ ಸಿಗುವುದಿಲ್ಲ.

ಕೊಡುವ ಮೊದಲು ಮನೆಯವರಿಗೆ ಹೇಳಿದೆ: "ಪರದೆಯ ಗೆರೆ ಒಂದೆರಡು ಸೆಕೆಂಡ್ ಚಪ್ಪಟೆ ಆಗಬಹುದು. ಹೆದರಬೇಡಿ, ನಾವು ಬೇಕಂತಲೇ ಮಾಡುವುದು." ಹೇಳದೆ ಮಾಡಿದರೆ ಆ ಎರಡು ಸೆಕೆಂಡು ತಾಯಿಯ ಮನಸ್ಸಿನಲ್ಲಿ ಜೀವಮಾನ ಪೂರ್ತಿ ಉಳಿಯುತ್ತದೆ.

ಒಂದು, ಎರಡು, ತಳ್ಳಿ. ಔಷಧಿಯ ಹಿಂದೆಯೇ ಸಲೈನ್. ಕೈ ಮೇಲೆತ್ತಿ ಹಿಡಿದೆವು. ಬಾಚಣಿಗೆಯ ಎರಡು ಹಲ್ಲು ದೂರ ಸರಿದವು, ಮೂರನೇ ಬಡಿತಕ್ಕೆ ಮತ್ತೆ 260. ಮುಟ್ಟಿದೆ, ಆದರೆ ಸಾಲಲಿಲ್ಲ. ಎರಡು ನಿಮಿಷ ಬಿಟ್ಟು ದುಪ್ಪಟ್ಟು, ಕಿಲೋಗೆ 0.2 ಮಿಲಿಗ್ರಾಂ. 3.6 ಎಂಎಲ್. ಒಂದು, ಎರಡು, ತಳ್ಳಿ.

ಗೆರೆ ನಿಂತಿತು. ಕಾಗದ ಖಾಲಿ ಓಡಿತು. ಯಾರೂ ಉಸಿರು ಬಿಡಲಿಲ್ಲ. ಆಮೇಲೆ ಒಂದು ಬಡಿತ. ಇನ್ನೊಂದು. ಅದರ ಮುಂದೆ ಸಣ್ಣ ಗುಡ್ಡ, ಪಿ ಅಲೆ. ಮಾನಿಟರ್ 148. ಐದು ನಿಮಿಷದಲ್ಲಿ ತುಟಿಯ ಸುತ್ತಲಿನ ಬೂದಿ ಬಣ್ಣ ಹೋಯಿತು. ಅರ್ಧ ಗಂಟೆಗೆ ಪಾದ ಬೆಚ್ಚಗಾಯಿತು. ಅಜ್ಜಿ ಪಾದ ಮುಟ್ಟಿ ನೋಡಿ ನೆಲದ ಮೇಲೆ ಕೂತುಬಿಟ್ಟರು.

ಕಾಗದದಲ್ಲಿ ಉಳಿದ ಗುರುತು

ಲಯ ಸರಿಯಾದ ಮೇಲೆ ಇನ್ನೊಂದು ಪೂರ್ತಿ ಇಸಿಜಿ ತೆಗೆದೆವು. ಇದನ್ನು ಬಿಡುವವರೇ ಜಾಸ್ತಿ. ಸರಿಯಾಯಿತಲ್ಲ, ಇನ್ನೇಕೆ ಅಂತ. ನಮ್ಮ ಮಗುವಿನ ಕಾಗದದಲ್ಲಿ ಪಿ ಅಲೆಗೂ ಮೊನೆಗೂ ನಡುವಿನ ಅಂತರ ತೀರಾ ಕಡಿಮೆ. ಮೊನೆ ನೇರ ಏಳದೆ, ಬುಡದಲ್ಲಿ ಓರೆಯಾಗಿ ಹತ್ತಿತ್ತು. ಡೆಲ್ಟಾ ಅಲೆ. ಗೇಟಿನ ತಡೆ ತಪ್ಪಿಸಿ ಕಾಲುದಾರಿಯಲ್ಲಿ ವಿದ್ಯುತ್ತು ಮೊದಲೇ ಇಳಿದಿರುವುದಕ್ಕೆ ಗುರುತು. ಬಾಸ್ಟನ್ನಿನ ಲೂಯಿಸ್ ವುಲ್ಫ್ ಮತ್ತು ಪಾಲ್ ಡಡ್ಲಿ ವೈಟ್, ಲಂಡನ್ನಿನ ಜಾನ್ ಪಾರ್ಕಿನ್ಸನ್ ಸೇರಿ 1930ರಲ್ಲಿ 11 ರೋಗಿಗಳಲ್ಲಿ ಇದನ್ನು ವಿವರಿಸಿದರು. ಮೂವರ ಹೆಸರು ಸೇರಿ ಡಬ್ಲ್ಯುಪಿಡಬ್ಲ್ಯು. ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆಗೂ ಈ ಪಾರ್ಕಿನ್ಸನ್‌ಗೂ ಸಂಬಂಧ ಇಲ್ಲ, ಅವರು ಬೇರೆ.

ಆ ಓರೆ ಗೆರೆ ಮುಂದಿನ ಔಷಧಿಯನ್ನು ನಿರ್ಧರಿಸುತ್ತದೆ. ಡಬ್ಲ್ಯುಪಿಡಬ್ಲ್ಯು ಇದ್ದಾಗ ಡಿಗಾಕ್ಸಿನ್ ಅನ್ನುವ ಹೃದಯದ ಔಷಧಿ ಕೊಟ್ಟರೆ ಮುಖ್ಯ ಗೇಟು ಬಿಗಿಯಾಗಿ ಕಾಲುದಾರಿಗೆ ಬಲ ಬರುವ ಅಪಾಯ ಇದೆ. ವೆರಪಮಿಲ್ ಅನ್ನುವ ಚುಚ್ಚುಮದ್ದು ದೊಡ್ಡವರಿಗೆ ಎಸ್‌ವಿಟಿಯಲ್ಲಿ ಕೊಡುವುದುಂಟು. ಒಂದು ವರ್ಷದೊಳಗಿನ ಮಗುವಿಗೆ ಕೊಡಬಾರದು. ರಕ್ತದೊತ್ತಡ ಕುಸಿದು ಹೃದಯವೇ ನಿಲ್ಲಬಹುದು. ದೊಡ್ಡವರನ್ನು ನೋಡಿ ಅಭ್ಯಾಸ ಇರುವ ಕ್ಯಾಶುವಾಲ್ಟಿಯಲ್ಲಿ ಈ ಮಾತನ್ನು ಗೋಡೆಗೆ ಅಂಟಿಸಿಡಬೇಕು.

ಆ ಎರಡು ಕಾಗದಗಳ ಫೋಟೋವನ್ನು ಮಂಗಳೂರಿನ ಮಕ್ಕಳ ಹೃದ್ರೋಗ ತಜ್ಞರಿಗೆ ವಾಟ್ಸಾಪ್ ಮಾಡಿ, ಫೋನಿನಲ್ಲಿ ಮಾತಾಡಿದೆ. ಮಗುವನ್ನು ಕಳಿಸಿ ಅಂದರು.

ನಮಗೆ ಕಾಸರಗೋಡಿನವರಿಗೆ ಮಂಗಳೂರು ಅಂದರೆ ಬರೀ ಒಂದು ಊರಲ್ಲ. 1956ರಲ್ಲಿ ಗಡಿ ಬೇರೆಯಾದರೂ ದೊಡ್ಡ ಕಾಯಿಲೆಗೆ ನಮ್ಮ ಕಾಲು ತಿರುಗುವುದು ಉತ್ತರಕ್ಕೇ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ತಲಪಾಡಿಯಲ್ಲಿ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿಗೆ ಹೋಗಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಪ್ರಾಣ ಬಿಟ್ಟರು. ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ವಿಷಯ ಹೋಯಿತು. ಆ ದಿನಗಳನ್ನು ನಾನು ಮರೆತಿಲ್ಲ. ಆದರೆ ಗಡಿ ತೆರೆದಿರುವಾಗಲೂ ಈ ರೋಗದಲ್ಲಿ ಸುಮ್ನೆ ಆಂಬುಲೆನ್ಸ್ ಹತ್ತಿಸುವುದು ಸರಿಯಲ್ಲ. ಲಯ ಸರಿ ಮಾಡದೆ ಕಳಿಸಿದರೆ, ದಾರಿಯಲ್ಲಿ ಒಂದು ಗಂಟೆಗೂ ಜಾಸ್ತಿ ಹೊತ್ತು ಆ ಹೃದಯ 263ರಲ್ಲೇ ಓಡುತ್ತದೆ. ಕಾಗದ ತೆಗೆಯದೆ ಕಳಿಸಿದರೆ, ದಾರಿಯಲ್ಲಿ ತಾನಾಗಿ ನಿಂತುಹೋದರೆ, ಅಲ್ಲಿನ ಡಾಕ್ಟರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಮಂಜುಗಡ್ಡೆ, ಇಸಿಜಿ, ಅಡೆನೊಸಿನ್, ಶಾಕ್ ಯಂತ್ರ. ಕುಂಬಳೆಯಲ್ಲೋ ಮುಳ್ಳೇರಿಯದಲ್ಲೋ ಇರುವ ಸಣ್ಣ ಆಸ್ಪತ್ರೆಯಲ್ಲೂ ಈ ನಾಲ್ಕು ಇರಬಹುದು, ಇರಬೇಕು.

ನಮ್ಮ ಸಿಸ್ಟರ್ ಒಬ್ಬರು ಜೊತೆಗೆ ಹೋದರು. ಶಾಕ್ ಯಂತ್ರ, ಅಳತೆ ಮಾಡಿದ ಅಡೆನೊಸಿನ್, ಎರಡೂ ಕಾಗದದ ಮೂಲಪ್ರತಿ. ದಾರಿಯಲ್ಲಿ ಮಗು ಹಾಲು ಕುಡಿಯಿತು, ನಿಲ್ಲಿಸದೆ.

ಮಂಗಳೂರಿನಲ್ಲಿ ಮಾಡಿದ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ರಚನೆ ಸರಿ ಇತ್ತು. ಇದನ್ನು ನೋಡಲೇಬೇಕು, ಯಾಕೆಂದರೆ ಡಬ್ಲ್ಯುಪಿಡಬ್ಲ್ಯು ಇರುವ ಕೆಲವು ಮಕ್ಕಳಿಗೆ ಎಬ್‌ಸ್ಟೈನ್ ಅನ್ನುವ ಕವಾಟದ ದೋಷವೂ ಇರುತ್ತದೆ. ಹೃದಯ ಹಿಂಡುವ ಬಲ ಸ್ವಲ್ಪ ತಗ್ಗಿತ್ತು. ಒಂದು ವಾರದ ನಂತರ ಸರಿಯಾಯಿತು. ಲಯ ಮತ್ತೆ ತಪ್ಪದ ಹಾಗೆ ಕೊಡುವ ಪ್ರೊಪ್ರಾನೊಲೋಲ್ ಔಷಧಿ ಶುರು ಮಾಡಿ ಐದನೇ ದಿನ ಮನೆಗೆ ಕಳಿಸಿದರು.

ತಾಯಿಯ ಪುಸ್ತಕ

ಮನೆಗೆ ಹೋಗುವ ದಾರಿಯಲ್ಲಿ ಅವರು ನಮ್ಮಲ್ಲಿಗೆ ಬಂದರು. ಡಿಸ್ಚಾರ್ಜ್ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ತಾಯಿ ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿ ಓದಿದವರು. ನಾನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಔಷಧಿ ಎಷ್ಟು ಹೊತ್ತಿಗೆ. ಹಾಲು ಕುಡಿಯದಿದ್ದರೆ, ವಾಂತಿ ಆಗುತ್ತಿದ್ದರೆ ಆ ಹೊತ್ತಿನ ಔಷಧಿ ಕೊಡದೆ ಫೋನ್ ಮಾಡಿ. ಯಾಕೆಂದರೆ ಪ್ರೊಪ್ರಾನೊಲೋಲ್ ಖಾಲಿ ಹೊಟ್ಟೆಯ ಹಸುಳೆಗಳಲ್ಲಿ ರಕ್ತದ ಸಕ್ಕರೆ ಇಳಿಸಬಹುದು. ರಾತ್ರಿ ಉದ್ದಕ್ಕೆ ಹಾಲಿಲ್ಲದೆ ಮಲಗಿಸಬೇಡಿ.

ಆಮೇಲೆ ಎಣಿಸಲು ಕಲಿಸಿದೆ. ಮಗು ಮಲಗಿರುವಾಗ ಎಡ ಎದೆಯ ಮೇಲೆ ಅಂಗೈ. ಇನ್ನೊಂದು ಕೈಯಲ್ಲಿ ಪೆನ್ನು. ಬಾಯಲ್ಲಿ ಎಣಿಸುವುದು ಬೇಡ, ನಾಲಿಗೆ ಸೋಲುತ್ತದೆ. ಒಂದು ಬಡಿತಕ್ಕೆ ಕಾಗದದ ಮೇಲೆ ಒಂದು ಚುಕ್ಕಿ. ಮನೆಯವರೊಬ್ಬರು ಗಡಿಯಾರ ನೋಡಿ 15 ಸೆಕೆಂಡಿಗೆ "ಸಾಕು" ಅನ್ನಬೇಕು. ಚುಕ್ಕಿ ಎಣಿಸಿ ನಾಲ್ಕರಿಂದ ಗುಣಿಸಿ. 30 ಚುಕ್ಕಿಯಾದರೆ 120. ಮಲಗಿದ ಮಗುವಿಗೆ 50ಕ್ಕಿಂತ ಜಾಸ್ತಿ ಚುಕ್ಕಿ ಬಂದರೆ, ಅಥವಾ ಚುಕ್ಕಿ ಹಾಕಲು ಕೈಯೇ ಸಾಲದಿದ್ದರೆ, ಆಟೋ ಹತ್ತಿ. ಸೂಜಿಯ ಹೊಲಿಗೆ ಎಣಿಸಿ ಅಭ್ಯಾಸ ಇರುವ ಕೈ ಅದು. ಎರಡು ಸಲದಲ್ಲಿ ನನಗಿಂತ ಚೆನ್ನಾಗಿ ಕಲಿತರು.

ಇನ್ನೂ ದೊಡ್ಡ ಮಕ್ಕಳ ಮಾತು ಬೇರೆ. ಅವರು ಬಾಯಿಬಿಟ್ಟು ಹೇಳುತ್ತಾರೆ: ಆಡುವಾಗ ಇದ್ದಕ್ಕಿದ್ದ ಹಾಗೆ ಎದೆ ಹೊಡೆದುಕೊಂಡಿತು, ಇದ್ದಕ್ಕಿದ್ದ ಹಾಗೆ ನಿಂತಿತು ಅಂತ. ಆ "ಇದ್ದಕ್ಕಿದ್ದ ಹಾಗೆ" ಎಸ್‌ವಿಟಿಯ ಗುರುತು. ಪರೀಕ್ಷೆಯ ಹೆದರಿಕೆ ಅಂತ ತಳ್ಳಿಹಾಕುವ ಮೊದಲು ಅದನ್ನು ಕೇಳಿ. ಇವರಿಗೆ ಖಾಲಿ ಸಿರಿಂಜಿನ ಬಾಯಿಗೆ ಊದಿಸಬಹುದು. 2015ರಲ್ಲಿ ಬ್ರಿಟನ್ನಿನಲ್ಲಿ ದೊಡ್ಡವರ ಮೇಲೆ ನಡೆದ ಒಂದು ಅಧ್ಯಯನದಲ್ಲಿ, 15 ಸೆಕೆಂಡ್ ಊದಿದ ತಕ್ಷಣ ಅಂಗಾತ ಮಲಗಿಸಿ ಕಾಲೆತ್ತಿ ಹಿಡಿದಾಗ 43 ಶೇಕಡಾ ಜನರಲ್ಲಿ ಲಯ ಮರಳಿತು. ಬರೀ ಊದಿದವರಲ್ಲಿ 17 ಶೇಕಡಾ. ಔಷಧಿ ಇಲ್ಲದೆ ಆಗುವ ಕೆಲಸ. ಆದರೆ ಇಸಿಜಿಯ ಮೊನೆ ಅಗಲವಾಗಿದ್ದರೆ ಎಚ್ಚರ. ಅದನ್ನು ಕೆಳಮನೆಯಿಂದ ಹುಟ್ಟಿದ ಅಪಾಯದ ಲಯ ಅಂತಲೇ ಹಿಡಿದು ಮುಂದುವರಿಯಬೇಕು.

ಮಗುವಿಗೆ ಐದೂವರೆ ತಿಂಗಳಾದಾಗ ಒಂದು ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. "ಚುಕ್ಕಿ 62 ಡಾಕ್ಟ್ರೇ." ಮುಂದೆ ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಒಂದು ಗಂಟೆಯೊಳಗೆ ಬಂದರು. ಮಗುವಿನ ಪಾದ ಬೆಚ್ಚಗಿತ್ತು, ಪಿತ್ತಜನಕಾಂಗ ಊದಿರಲಿಲ್ಲ, ಕಾಗದದಲ್ಲಿ ಮತ್ತೆ ಅದೇ ಆರು ಚೌಕ. ಈ ಸಲ ಮಂಜಿನ ಚೀಲ ಇಟ್ಟ ಎಂಟನೇ ಸೆಕೆಂಡಿಗೆ ಲಯ ಮರಳಿತು. ಮೊದಲ ಸಲ ಕೆಲಸ ಮಾಡದ ಮಂಜು ಎರಡನೇ ಸಲ ಮಾಡಿತು. ಅದಕ್ಕೇ ಒಮ್ಮೆ ಆಗಲಿಲ್ಲ ಅಂತ ಬಿಡಬಾರದು. ತೂಕ ಏರಿದ್ದಕ್ಕೆ ಸರಿಯಾಗಿ ಪ್ರೊಪ್ರಾನೊಲೋಲ್ ಪ್ರಮಾಣ ಏರಿಸಿರಲಿಲ್ಲ. ಅದನ್ನು ತಿದ್ದಿದೆವು. ಆಮೇಲೆ ಪ್ರತಿ ತಿಂಗಳು ತೂಕ ನೋಡಿ ಪ್ರಮಾಣ ಬರೆಯುತ್ತೇವೆ.

ಹದಿನಾಲ್ಕನೇ ತಿಂಗಳಿಗೆ ತಜ್ಞರು ಔಷಧಿ ನಿಲ್ಲಿಸಿದರು. ಹಸುಳೆಗಳಲ್ಲಿ ಶುರುವಾದ ಎಸ್‌ವಿಟಿ ಹೆಚ್ಚಿನವರಿಗೆ ಮೊದಲ ವರ್ಷದಲ್ಲಿ ತಾನಾಗಿ ತಗ್ಗುತ್ತದೆ. ಕೆಲವರಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಮತ್ತೆ ಬರುತ್ತದೆ. ಈ ಮಗುವಿನ ಇಸಿಜಿಯಲ್ಲಿ ಓರೆ ಗೆರೆ ಇನ್ನೂ ಇದೆ. ಮತ್ತೆ ಕಾಡಿದರೆ, ಮಗು ದೊಡ್ಡದಾಗಿ ತೂಕ 15 ಕಿಲೋ ದಾಟಿದ ಮೇಲೆ, ತೊಡೆಯ ನಾಳದಿಂದ ತೂರಿಸಿದ ಸಪೂರ ತಂತಿಯಿಂದ ಆ ಕಾಲುದಾರಿಯನ್ನೇ ಸುಟ್ಟು ಮುಚ್ಚಬಹುದು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಅದರಿಂದ ಪೂರ್ತಿ ವಾಸಿಯಾಗುತ್ತದೆ.

ಹೋದ ತಿಂಗಳು ತಾಯಿ ಬಂದಿದ್ದರು. ಹುಡುಗನಿಗೆ ಈಗ ಮೂರು ತುಂಬಿದೆ. ಪುಸ್ತಕದಲ್ಲಿ ಚುಕ್ಕಿಗಳ ಹಾಳೆಗಳು ಮುಗಿದು, ಹಿಂದಿನ ಹಾಳೆಗಳಲ್ಲಿ ಅವನ ಗೀಚು ಶುರುವಾಗಿದೆ. ಅಂಗನವಾಡಿಗೆ ಸೇರಿಸುತ್ತಿದ್ದಾರಂತೆ. ಅಲ್ಲಿನ ಟೀಚರಿಗೆ ಕನ್ನಡ ಓದಲು ಬರುವುದಿಲ್ಲ. ನನ್ನ ಹಾಳೆಯನ್ನು ಮುಂದಿಟ್ಟು, "ಇದನ್ನು ಮಲಯಾಳದಲ್ಲೂ ಬರೆದು ಕೊಡ್ತೀರಾ?" ಅಂತ ಕೇಳಿದರು. ಆ ದಿನ ಆಂಬುಲೆನ್ಸಿನಲ್ಲಿ ಜೊತೆಗೆ ಹೋಗಿದ್ದ ಸಿಸ್ಟರ್ ಕೂತು ಬರೆದರು. ನಾಲ್ಕು ಸಾಲು: ಹುಡುಗ ಇದ್ದಕ್ಕಿದ್ದ ಹಾಗೆ ಬಿಳಿಚಿದರೆ ಕೂರಿಸಿ. ಎದೆಯ ಮೇಲೆ ಅಂಗೈ ಇಡಿ. ಬಡಿತ ಎಣಿಸಲು ಆಗದಿದ್ದರೆ ಕಾಯಬೇಡಿ. ಕೆಳಗೆ ನಮ್ಮ ಫೋನ್ ನಂಬರ್.